ಕೈ ಎಣಿಸುವ ಕೆಲಸ

ಶ್ರಾವಣ ಮುಗಿಯುವ ಮೊದಲೇ
ಗದಗಿನ ನಮ್ಮ ಓಣಿಯಲ್ಲಿ ಬರುವ ವರ್ಷ ಶುರುವಾಗುತ್ತದೆ.
ಪತ್ರಾಸಿನ ಮಾಡಿನ ಕೆಳಗೆ ಹಳೆಯ ಒಂಟಿಬಣ್ಣದ ಮಷೀನು;
ಕ್ಯಾಲೆಂಡರಿನ ಲಕ್ಷ್ಮಿಗೆ ಹುಟ್ಟಲು ನಾಲ್ಕು ದಿನ ಬೇಕು.

ಮೊದಲ ದಿನ ಹಳದಿ. ಮುಖವಿಲ್ಲ, ಮೂಗಿಲ್ಲ,
ಅರಿಷಿಣ ಚೆಲ್ಲಿ ಒರೆಸಿದ ಗುರುತು.
ಮರುದಿನ ಕೆಂಪು ಬಂದು
ಕಮಲ ಯಾವುದು, ಅಂಗೈ ಯಾವುದು ತಿಳಿಯದಂತೆ ಮಾಡುತ್ತದೆ.
ನೀಲಿ ಬಿದ್ದ ಮೇಲೆ ಆನೆಗಳು ಏಳುತ್ತವೆ ನೀರಿನಿಂದ.
ಕಡೆಗೆ ಕಪ್ಪು.
"ಕರೀ ಮಸಿ ಬೀಳೂತನಾ ಆಕಿಗೆ ಕಣ್ಣಿಲ್ಲ ನೋಡವಾ,"
ಫಕೀರಪ್ಪ ರೋಲರು ಒರೆಸುತ್ತ ಅನ್ನುತ್ತಾನೆ, ಪ್ರತಿ ವರ್ಷ,
ನಾನು ನಿನ್ನೆ ಬಂದವಳೆಂಬಂತೆ.

ನನ್ನದು ಕೈ ಎಣಿಸುವ ಕೆಲಸ.
ಕೂದಲೆಳೆಯಷ್ಟು ಹಾಳೆ ಸರಿದರೆ
ನಾಲ್ಕು ಕೈಯವಳಿಗೆ ಎಂಟಾಗುತ್ತವೆ,
ನಾಣ್ಯದ ಬೆನ್ನಿಗೊಂದು ನಾಣ್ಯದ ದೆವ್ವ.
ಗೋಡೆಯ ಮೇಲೆ ಮಾಲಕರ ಪೆನ್ಸಿಲ್ ಪಟ್ಟಿ:
ಗಣಪ್ಪ – ಪಾಶ, ಅಂಕುಶ, ಮುರಿದ ಹಲ್ಲು, ಮೋದಕ.
ಲಕ್ಷ್ಮೀ – ಕಮಲ ಎರಡು, ವರದ, ಅಭಯ ಅಂದರೆ ಹೆದರಬೇಡ.
ದುರ್ಗವ್ವನ ಮುಂದೆ ಬರೆದದ್ದು ಎಣ್ಣೆ ಬಿದ್ದು ಅಳಿಸಿದೆ;
ಆಕೆ ಕೊಟ್ಟದ್ದನ್ನೆಲ್ಲ ಹಿಡಿಯುತ್ತಾಳೆ.

ಗಿರಾಕಿಗಳ ಪಟ್ಟಿಯೇ ಬೇರೆ.
"ನಿಂತ ಲಕ್ಷ್ಮೀ ಬ್ಯಾಡ್ರಿ, ಹೊಂಟು ಹೋಗ್ತಾಳ. ಕುಂತಾಕಿನ್ನ ಹಾಕ್ರಿ.
ಗೂಗಿ ತಗೀರಿ. ರೊಕ್ಕ ಇನ್ನಷ್ಟು ಸುರೀಲಿ,"
ಬಟ್ಟೆ ಅಂಗಡಿಯ ಹೊಂಬಳಿ ಸಾಹುಕಾರರು.
ರೋಣದಿಂದ ಒಂದು ಫೋನು, ಹೋದ ವರ್ಷ:
"ನಿಮ್ಮ ಗಣಪ್ಪನ ಸೊಂಡಿ ಬಲಕ್ಕ ಹೊಳ್ಳೇತಿ.
ಬಲಮುರಿಗೆ ಮಡಿ ಭಾಳ. ನಾ ಎಣ್ಣಿ ಅಂಗಡಿಯಾಂವ, ಹೆಂಗ ಮಾಡ್ಲಿ?"
ಯಾರೋ ಫಿಲ್ಮು ತಿರುವಿ ಇಟ್ಟಿದ್ದರು, ಅಷ್ಟೇ.
ಆ ವರ್ಷ ಎಷ್ಟು ಮನೆಗಳಲ್ಲಿ
ಯಾರು ಯಾರು ಎರಡೆರಡು ಸಲ ಮಿಂದರೋ.

ಮಧ್ಯಾಹ್ನ ಕರೆಂಟು ಹೋದರೆ ತ್ರಿಕೂಟೇಶ್ವರದ ಕಡೆ ನಡೆಯುತ್ತೇನೆ.
ಅಲ್ಲಿ ಕಲ್ಲಿನ ಸರಸ್ವತಿ. ಕೈ ಮುರಿದಿವೆ.
ಅಭ್ಯಾಸಬಲ, ಎಣಿಸಲು ಹೋಗಿ ನಿಲ್ಲುತ್ತೇನೆ.
ಪುಸ್ತಕವಿಲ್ಲ, ಜಪಮಣಿಯಿಲ್ಲ;
ನಮ್ಮಲ್ಲಾಗಿದ್ದರೆ ನೇರ ರದ್ದಿಗೆ.
ಸಾಲೆಯ ಹುಡುಗನೊಬ್ಬ ಕೇಳಿದ,
"ಟೀಚರ್, ಕೈಯಾಗ ಏನೂ ಇಲ್ಲಲ್ರೀ, ಸರಸೋತಿ ಅಂತ ಹೆಂಗ ಗೊತ್ತಾತು?"
ಟೀಚರು ಬೋರ್ಡು ಓದಿದರು.
ಹುಡುಗ ಕಲ್ಲನ್ನೇ ನೋಡುತ್ತಿದ್ದ.

ಕಟಿಂಗ್ ಮಷೀನಿನ ದ್ಯಾಮಣ್ಣನ ಬಲಗೈಗೆ ಮೂರು ಬೆರಳು.
ಅವತ್ತು ಅಲಗಿನ ಕೆಳಗೆ ಯಾವ ದೇವರಿದ್ದ, ಕೇಳಿದ್ದೆ.
"ದೇವ್ರಲ್ಲ. ಹತ್ತೀ ಬೀಜದ ಹ್ಯಾಂಡ್‌ಬಿಲ್ಲು."

ಮೊನ್ನೆ, ಕಪ್ಪಿನ ದಿನ,
ಹಾಳೆ ಎತ್ತಲು ಬಗ್ಗಿದವಳ ಸೆರಗು
ಗೇರಿನ ಬಾಯಿಗೆ ಹೋದದ್ದು ನನಗೆ ತಿಳಿಯಲಿಲ್ಲ.
ಆ ಗದ್ದಲದಲ್ಲಿ ಕೂಗು ಯಾರಿಗೂ ಮುಟ್ಟುವುದಿಲ್ಲ.
ಆಚೆ ಬದಿಯಿಂದ ದ್ಯಾಮಣ್ಣ ಕೈ ಎತ್ತಿದ,
ಎದೆಯ ಮಟ್ಟಕ್ಕೆ, ಅಂಗೈ ಮುಂದೆ, ಮೂರೇ ಬೆರಳು.
ಫಕೀರಪ್ಪ ಗುಂಡಿ ಒತ್ತಿದ.
ಗೇಣು ಸೆರಗು ಒಳಗುಳಿಯಿತು, ನಾನು ಹೊರಗೆ.

ಹದಿನೇಳು ವರ್ಷ ಆ ಕೈಯನ್ನು
ಹೆದರಬೇಡ ಎಂದೇ ಓದಿ ಪಾಸು ಮಾಡಿದ್ದೇನೆ.
ನಿಲ್ಲು ಎನ್ನಲೂ ಅದೇ ಕೈ, ಅದೇ ಎತ್ತರ.
ಯಾರಿಗೆ ಹೇಳುತ್ತಿದ್ದಾಳೆ ಆಕೆ ಇಷ್ಟು ದಿನ,
ಎದುರು ಕೈಮುಗಿದ ನಮಗೋ,
ನಮ್ಮ ಬೆನ್ನ ಹಿಂದೆ ತಿರುಗುತ್ತಿರುವುದಕ್ಕೋ?

ಕೆಟ್ಟ ಹಾಳೆ ಅರವತ್ತೆರಡು. ಮಾಲಕರು ಬರೆದುಕೊಂಡರು.
ಸಿಲಿಂಡರಿನಲ್ಲಿ ಅರ್ಧಕ್ಕೆ ನಿಂತದ್ದೊಂದನ್ನು ಮಡಚಿ ಮನೆಗೆ ತಂದೆ:
ಪಾದ, ಕಮಲ, ಸುರಿದ ನಾಣ್ಯ ಎಲ್ಲ ಕಡೆದಿಟ್ಟಷ್ಟು ಸ್ಪಷ್ಟ.
ಎದೆಯಿಂದ ಮೇಲೆ ಕಪ್ಪು ಬಿದ್ದಿಲ್ಲ, ಕಣ್ಣು ಬಂದಿಲ್ಲ.
ಎತ್ತಿದ ಕೈ ಗೆರೆಯ ಮೇಲೆಯೇ ಇದೆ,
ಅರ್ಧ ಮಸಿಯಲ್ಲಿ, ಅರ್ಧ ಹಳದಿಯಲ್ಲಿ.

ಅದರ ಬೆರಳುಗಳನ್ನು ನಾನು ಎಣಿಸಿಲ್ಲ.